ಪೊಟ್ಟಣದ ಮೇಲೆ ಓರೆಗಾನೊ, ಒಳಗೆ ಯಾವ ಎಲೆ?

ಎರಡು ಸಂಚಿಕೆಗಳ ಹಿಂದೆ ಈ ಅಂಕಣದಲ್ಲಿ ರಾಜ್ಮಾ ಕಾಳಿನ ಸಾರಿನ ಬಗೆಗೆ ಉತ್ತರಿಸುವಾಗ, ‘ಮನೆಯಲ್ಲಿ ಮೆಕ್ಸಿಕನ್ ಓರೆಗಾನೊ ಇದ್ದರೆ ಕೊನೆಯಲ್ಲಿ ಒಂದು ಚಮಚ ಉದುರಿಸಿ’ ಎಂದು ಬರೆದಿದ್ದೆ. ಆ ಒಂದು ವಾಕ್ಯ ಇಷ್ಟು ಪತ್ರಗಳನ್ನು ತರುತ್ತದೆಂದು ಎಣಿಸಿರಲಿಲ್ಲ. ಎಲ್ಲಿ ಸಿಗುತ್ತದೆ ಎಂದು ಕೇಳಿದವರೇ ಹೆಚ್ಚು; ಸಿಕ್ಕಿದ್ದನ್ನು ಹಾಕಿ ಅಡುಗೆ ಕೆಡಿಸಿಕೊಂಡೆವೆಂದು ಬರೆದವರೂ ಇದ್ದಾರೆ. ವಿವರಿಸದೆ ಬರೆದ ತಪ್ಪು ನನ್ನದಾದ್ದರಿಂದ ಈ ಸಲದ ಪುಟಗಳನ್ನು ಅದಕ್ಕೇ ಬಿಟ್ಟುಕೊಟ್ಟಿದ್ದೇನೆ.

ಪ್ರಶ್ನೆ: ತಾವು ಬರೆದದ್ದನ್ನು ಓದಿ ಮೈಸೂರಿನ ಅಂಗಡಿಯೊಂದರಿಂದ ಓರೆಗಾನೊ ತರಿಸಿದೆ. ಅಷ್ಟರಲ್ಲಿ ಟೆಕ್ಸಾಸಿನಲ್ಲಿರುವ ಮಗಳು ರಜೆಗೆಂದು ಬಂದವಳು ಮೆಕ್ಸಿಕನ್ ಓರೆಗಾನೊ ಎಂದು ಬರೆದ ಇನ್ನೊಂದು ಪೊಟ್ಟಣ ತಂದಳು. ಎರಡನ್ನೂ ಬಿಚ್ಚಿ ಮೂಸಿದರೆ ಒಂದರ ವಾಸನೆ ಇನ್ನೊಂದಕ್ಕಿಲ್ಲ. ಇವುಗಳಲ್ಲಿ ಅಸಲಿ ಯಾವುದು?
— ಓದುಗರೊಬ್ಬರು, ಗೋಣಿಕೊಪ್ಪ

ಉತ್ತರ: ಎರಡೂ ಅಸಲಿಯೇ, ನಿಮ್ಮ ಮೂಗೂ ಸರಿಯಾಗಿಯೇ ಇದೆ. ಹೆಸರು ಒಂದಾದರೂ ಇವು ಬೇರೆ ಬೇರೆ ಕುಟುಂಬಗಳಿಗೆ ಸೇರಿದ ಎರಡು ಗಿಡಗಳು. ಮೈಸೂರಿನಿಂದ ಬಂದದ್ದು ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ದೇಶಗಳ ಓರೆಗಾನೊ. ಸಸ್ಯಶಾಸ್ತ್ರದಲ್ಲಿ ಒರಿಗ್ಯಾನಮ್ ವಲ್ಗೇರ್ ಎನ್ನುತ್ತಾರೆ. ಪುದೀನ, ತುಳಸಿ, ದೊಡ್ಡಪತ್ರೆಗಳೆಲ್ಲ ಅದರ ದಾಯಾದಿಗಳು. ಮಗಳು ತಂದದ್ದು ಲಿಪ್ಪಿಯಾ ಗ್ರೇವಿಯೊಲೆನ್ಸ್ ಎಂಬ ಪೊದೆಯ ಎಲೆ. ಅದು ಮೆಕ್ಸಿಕೋ, ಮಧ್ಯ ಅಮೆರಿಕ ಮತ್ತು ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣದಂಚಿನ ಒಣ ಬೆಟ್ಟಗಳಲ್ಲಿ ತಾನಾಗಿ ಬೆಳೆಯುತ್ತದೆ, ಮತ್ತು ಅದರ ಕುಟುಂಬ ನಮ್ಮ ಬೇಲಿಗಳ ಮೇಲೆ ಹಬ್ಬಿರುವ ಲಾಂಟಾನದ್ದು.

ಹೆಸರು ಒಂದೇ ಆದುದರಲ್ಲಿ ಆಶ್ಚರ್ಯಪಡಬೇಕಾದದ್ದೇನಿಲ್ಲ. ಬಳ್ಳಿಯಲ್ಲಿ ಬಿಡುವ ಮೆಣಸನ್ನು ಮಾತ್ರ ಬಲ್ಲ ನಮ್ಮ ಹಿರಿಯರು, ಅಮೆರಿಕ ಖಂಡದಿಂದ ಹಡಗಿನಲ್ಲಿ ಬಂದ ಖಾರದ ಕಾಯನ್ನು ಕಂಡು ಮೆಣಸಿನಕಾಯಿ ಎಂದು ಕರೆದರು. ಎರಡೂ ಖಾರ ಎನ್ನುವುದನ್ನು ಬಿಟ್ಟರೆ ಆ ಗಿಡಗಳಿಗೆ ಯಾವ ನಂಟೂ ಇಲ್ಲ. ಸೀಮೆಬದನೆಯೂ ಬದನೆಯಲ್ಲ, ಅದು ಸೌತೆಯ ಬಳಗದ ಬಳ್ಳಿ. ಸ್ಪೇನಿನವರು ಮೆಕ್ಸಿಕೋದಲ್ಲಿ ಮಾಡಿದ್ದೂ ಇದನ್ನೇ. ತಮ್ಮ ಊರಿನ ಎಲೆಯ ವಾಸನೆಯನ್ನು ನೆನಪಿಸುವ ಎಲೆಗೆ ತಮ್ಮ ಊರಿನ ಹೆಸರನ್ನೇ ಇಟ್ಟರು.

ನೆನಪಿಸುವುದಕ್ಕೆ ಕಾರಣವೂ ಇದೆ. ಕಾರ್ವಕ್ರೋಲ್ ಮತ್ತು ಥೈಮೋಲ್ ಎಂಬ ಎರಡು ಸುಗಂಧ ದ್ರವ್ಯಗಳು ಎರಡೂ ಎಲೆಗಳ ಎಣ್ಣೆಯಲ್ಲಿವೆ. ಓಮಕ್ಕೆ ಅದರ ಗಾಟು ಬರುವುದೂ ಥೈಮೋಲಿನಿಂದಲೇ. ಆದರೆ ಅವುಗಳ ಜೊತೆಗೆ ಇರುವ ಉಳಿದ ಪರಿಮಳಗಳು ಬೇರೆ. ಮೆಡಿಟರೇನಿಯನ್ ಎಲೆ ಪುದೀನದ ಕಡೆಗೆ ವಾಲುತ್ತದೆ, ಅದರಲ್ಲಿ ಸ್ವಲ್ಪ ಸಿಹಿಯೂ ತಂಪೂ ಇರುತ್ತದೆ. ಮೆಕ್ಸಿಕನ್ ಎಲೆಯನ್ನು ಅಂಗೈಯಲ್ಲಿ ಉಜ್ಜಿದರೆ ಮೊದಲು ನಿಂಬೆಯ ಸಿಪ್ಪೆ, ಅದರ ಹಿಂದೆ ಅತಿಮಧುರ, ಕೊನೆಯಲ್ಲಿ ಬಿಸಿಲಿಗೆ ಕಾದ ಮಣ್ಣಿನಂಥ ಒಂದು ಒರಟುತನ ಮೂಗಿಗೆ ಸಿಗುತ್ತದೆ. ಗ್ರೇವಿಯೊಲೆನ್ಸ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ‘ಗಾಢವಾಸನೆಯದು’ ಎಂದರ್ಥ. ನಮ್ಮ ಸಬ್ಬಸಿಗೆ ಸೊಪ್ಪಿನ ಸಸ್ಯನಾಮದಲ್ಲಿಯೂ ಇದೇ ಪದವಿದೆ. ಸಬ್ಬಸಿಗೆ ಒಂದು ಹಿಡಿ ಹೆಚ್ಚಾದ ಉಪ್ಪಿಟ್ಟನ್ನು ತಿಂದವರಿಗೆ ಈ ಹೆಸರಿನಲ್ಲಿರುವ ಎಚ್ಚರಿಕೆ ಬೇಗ ತಿಳಿಯುತ್ತದೆ.

ಉತ್ತರ ಮೆಕ್ಸಿಕೋದಲ್ಲಿ ಪಾಲಿಯೋಮಿಂಥಾ ಎಂಬ ಇನ್ನೊಂದು ಪೊದೆಯೂ ಇದೇ ಹೆಸರಿನಿಂದ ಬಳಕೆಯಲ್ಲಿದೆ. ಒಣಗಿಸಿ ಮಾರಾಟಕ್ಕೆ ಬರುವುದು ಬಹುಮಟ್ಟಿಗೆ ಲಿಪ್ಪಿಯಾ ಆದ್ದರಿಂದ ಅದರ ಗೊಡವೆ ನಮಗೆ ಬೇಡ.

ಪ್ರಶ್ನೆ: ಮೆಕ್ಸಿಕನ್ ಓರೆಗಾನೊವನ್ನೇ ಕೊಳ್ಳಬೇಕೆಂದರೆ ಎಲ್ಲಿ ಹುಡುಕಬೇಕು, ಏನು ನೋಡಿ ಕೊಳ್ಳಬೇಕು? ಬೆಲೆ ಹೆಚ್ಚೆಂದು ಕೇಳಿದ್ದೇನೆ. ಮೋಸ ಹೋಗದಂತೆ ತಿಳಿಸಿ.
— ಓದುಗರು, ಪೊನ್ನಂಪೇಟೆ

ಉತ್ತರ: ಕೊಡಗಿನ ಪೇಟೆಗಳಲ್ಲಿ ಇದು ಸಿಕ್ಕರೆ ನಿಮ್ಮ ಪುಣ್ಯ. ಮಡಿಕೇರಿಯಲ್ಲಾಗಲಿ ಗೋಣಿಕೊಪ್ಪದಲ್ಲಾಗಲಿ ದಿನಸಿ ಅಂಗಡಿಯವರು ಓರೆಗಾನೊ ಎಂದು ಕೊಡುವುದು ಪಿಜ್ಜಾದ ಮೇಲೆ ಉದುರಿಸುವ ಪೊಟ್ಟಣ. ಬೆಂಗಳೂರಿನ ಕೆಲವು ದೊಡ್ಡ ಅಂಗಡಿಗಳು ಮತ್ತು ವಿದೇಶಿ ಅಡುಗೆಸಾಮಾನನ್ನು ಅಂತರ್ಜಾಲದಲ್ಲಿ ಮಾರುವವರು ಇದನ್ನು ತರಿಸುತ್ತಾರೆ. ಅಮೆರಿಕದಲ್ಲಿ ಬಂಧುಗಳಿದ್ದವರಿಗೆ ಅಲ್ಲಿನ ಮೆಕ್ಸಿಕನ್ ದಿನಸಿ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ.

ಪೊಟ್ಟಣವನ್ನು ಮುಂದಿನಿಂದ ಓದಬೇಡಿ, ಹಿಂದಿನಿಂದ ಓದಿ. ನಮ್ಮ ದೇಶದ ನಿಯಮದಂತೆ ಒಳಗಿರುವ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಮುದ್ರಿಸಬೇಕು. ಹೆಚ್ಚು ಇರುವುದು ಮೊದಲು, ಕಡಿಮೆ ಇರುವುದು ಕೊನೆಗೆ. ಆ ಪಟ್ಟಿಯಲ್ಲಿ ಉಪ್ಪು, ಸಕ್ಕರೆ, ಬೆಳ್ಳುಳ್ಳಿಯ ಪುಡಿ, ಮಾಲ್ಟೋಡೆಕ್ಸ್ಟ್ರಿನ್ ಮುಂತಾದವು ಕಂಡರೆ ಅದು ಓರೆಗಾನೊ ಸೇರಿಸಿದ ಮಸಾಲೆಯೇ ಹೊರತು ಓರೆಗಾನೊ ಅಲ್ಲ. ಮುಖಪಟದಲ್ಲಿ ‘ಸೀಸನಿಂಗ್’ ಎಂಬ ಮಾತು ಸಣ್ಣ ಅಕ್ಷರದಲ್ಲಿ ಅಡಗಿರುವುದೂ ಉಂಟು. ಪಟ್ಟಿಯಲ್ಲಿ ಒಂದೇ ಪದಾರ್ಥ ಇರಬೇಕು. ಅದರ ಪಕ್ಕದಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಪರವಾನಗಿ ಸಂಖ್ಯೆಯೂ, ಆಮದು ಮಾಡಿದ ಸರಕಾದರೆ ಆಮದುದಾರರ ಹೆಸರು, ವಿಳಾಸ ಮತ್ತು ಮೂಲದೇಶವೂ ಇರಬೇಕು.

ನಿಮಗೆ ನಿಜವಾಗಿ ಬೇಕಾದ ಸುಳಿವು ಈ ಮೂಲದೇಶವೇ. ಜಗತ್ತಿನ ಮಾರುಕಟ್ಟೆಗೆ ಅತಿ ಹೆಚ್ಚು ಓರೆಗಾನೊವನ್ನು ಕಳಿಸುವುದು ತುರ್ಕಿ. ತುರ್ಕಿ ಅಥವಾ ಗ್ರೀಸ್ ಎಂದಿದ್ದರೆ ಒಳಗಿರುವುದು ಮೆಡಿಟರೇನಿಯನ್ ಎಲೆ. ಮೆಕ್ಸಿಕೋ ಎಂದಿದ್ದು, ಸಸ್ಯನಾಮವೂ ಲಿಪ್ಪಿಯಾ ಎಂದು ಮುದ್ರಿತವಾಗಿದ್ದರೆ ಕಣ್ಣುಮುಚ್ಚಿ ಕೊಳ್ಳಬಹುದು. ಬರಿದೇ ಓರೆಗಾನೊ ಎಂದಷ್ಟೇ ಬರೆದು ಉಳಿದ ವಿವರಗಳಿಲ್ಲದಿದ್ದರೆ, ನಮ್ಮ ದೇಶದ ಮಟ್ಟಿಗೆ ಅದನ್ನು ಮೆಡಿಟರೇನಿಯನ್ ಎಲೆ ಎಂದೇ ತಿಳಿಯುವುದು ಲೇಸು. ಅಂತರ್ಜಾಲದಲ್ಲಿ ತರಿಸುವವರು ಪೊಟ್ಟಣದ ಹಿಂಬದಿಯ ಚಿತ್ರವನ್ನು ಮೊದಲು ಕೇಳಬೇಕು. ಕಳಿಸಲು ಹಿಂಜರಿಯುವವರಿಂದ ಕೊಳ್ಳಬಾರದು.

ಪುಡಿಯನ್ನು ಎಂದಿಗೂ ಕೊಳ್ಳಬೇಡಿ, ಇಡಿಯ ಎಲೆಯನ್ನೇ ಕೊಳ್ಳಿ. ಇದು ಬರಿಯ ರುಚಿಯ ಮಾತಲ್ಲ. 2015ರಲ್ಲಿ ಬೆಲ್‌ಫಾಸ್ಟಿನ ಕ್ವೀನ್ಸ್ ವಿಶ್ವವಿದ್ಯಾಲಯದಲ್ಲಿ ಬ್ರಿಟನ್ ಮತ್ತು ಐರ್ಲೆಂಡಿನ ಮಾರುಕಟ್ಟೆಯ 78 ಓರೆಗಾನೊ ಮಾದರಿಗಳನ್ನು ಪರೀಕ್ಷಿಸಿದಾಗ ಸುಮಾರು ಕಾಲು ಭಾಗದಲ್ಲಿ ಆಲಿವ್ ಮತ್ತು ಮರ್ಟಲ್ ಗಿಡಗಳ ಎಲೆಯ ಕಲಬೆರಕೆ ಕಂಡುಬಂದಿತು. 2021ರಲ್ಲಿ ಐರೋಪ್ಯ ಒಕ್ಕೂಟ ಸಾಂಬಾರ ಪದಾರ್ಥಗಳನ್ನು ಪರೀಕ್ಷೆಗೆ ಒಡ್ಡಿದಾಗಲೂ ಅತಿ ಹೆಚ್ಚು ಅನುಮಾನಕ್ಕೆ ಗುರಿಯಾದದ್ದು ಓರೆಗಾನೊವೇ; ಅದರ ಮಾದರಿಗಳಲ್ಲಿ ಶೇಕಡ 48ರಷ್ಟು ಸಂದೇಹಾಸ್ಪದವಾಗಿದ್ದವು. ಪುಡಿಯಾದ ಮೇಲೆ ಯಾವ ಎಲೆ ಯಾವುದೆಂದು ಹೇಳಬಲ್ಲವರು ಪ್ರಯೋಗಾಲಯದವರು ಮಾತ್ರ. ಕಾಳುಮೆಣಸಿನಲ್ಲಿ ಪಪ್ಪಾಯದ ಬೀಜ ಬೆರೆಸುವ ಕತೆಯನ್ನು ಬಲ್ಲ ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಡಿಯ ಮೆಕ್ಸಿಕನ್ ಎಲೆ ಕೊಂಚ ದಪ್ಪ, ಮೈ ಸುಕ್ಕುಸುಕ್ಕು, ನರಗಳು ಎದ್ದು ಕಾಣುತ್ತವೆ, ಬಣ್ಣ ಬೂದು ಬೆರೆತ ಹಸುರು. ನಡುವೆ ಒಂದೆರಡು ಕಡ್ಡಿ, ಒಣಗಿದ ಹೂಗೊಂಚಲು ಸಿಕ್ಕಿದರೆ ಅದು ದೋಷವಲ್ಲ. ಅರ್ಧ ಪೊಟ್ಟಣ ಕಡ್ಡಿಯೇ ಇದ್ದರೆ ದೋಷ. ಬೆಲೆಯನ್ನು ಪೊಟ್ಟಣಕ್ಕೆ ಇಷ್ಟೆಂದು ನೋಡದೆ ನೂರು ಗ್ರಾಮಿಗೆ ಎಷ್ಟು ಬೀಳುತ್ತದೆಂದು ಲೆಕ್ಕ ಹಾಕಿ, ಸಾಗಣೆಯ ಖರ್ಚನ್ನೂ ಸೇರಿಸಿ. ಒಣ ಎಲೆಯ ಒಂದು ಟೀ ಚಮಚ ಸುಮಾರು ಒಂದು ಗ್ರಾಂ ತೂಗುತ್ತದೆ. ಅಂದರೆ 25 ಗ್ರಾಮಿನ ಪೊಟ್ಟಣವೊಂದು ಇಪ್ಪತ್ತೈದು ಚಮಚ. ವಾರಕ್ಕೊಮ್ಮೆ ಬಳಸುವ ಮನೆಗೆ ಆರು ತಿಂಗಳು ಸಾಕು, ಅದಕ್ಕಿಂತ ಹೆಚ್ಚು ತರಿಸುವುದು ದಂಡ.

ಪ್ರಶ್ನೆ: ನರ್ಸರಿಯೊಂದರಲ್ಲಿ ಮೆಕ್ಸಿಕನ್ ಓರೆಗಾನೊ ಎಂದು ಹೇಳಿ ಗಿಡವೊಂದನ್ನು ಕೊಟ್ಟರು. ಮನೆಗೆ ತಂದ ಮೇಲೆ ಅತ್ತೆಯವರು ನೋಡಿ ‘ಇದು ನಮ್ಮ ಹಿತ್ತಲಿನ ದೊಡ್ಡಪತ್ರೆಯಲ್ಲವೇ’ ಎಂದರು. ಅವರು ಹೇಳುವುದು ಸರಿಯೇ?
— ಗೃಹಿಣಿ, ಸೋಮವಾರಪೇಟೆ

ಉತ್ತರ: ನೀವು ಬರೆದಿರುವಂತೆ ಎಲೆ ದಪ್ಪವಾಗಿ, ರಸಭರಿತವಾಗಿ, ಮೇಲೆ ನವಿರಾದ ರೋಮವಿದ್ದು, ಅಂಚು ದುಂಡುಹಲ್ಲಿನಂತೆ ಕತ್ತರಿಸಿದ್ದರೆ ಅತ್ತೆಯವರು ಹೇಳಿದ್ದೇ ಸರಿ. ದೊಡ್ಡಪತ್ರೆಯನ್ನು ಹೊರದೇಶಗಳಲ್ಲಿ ಕ್ಯೂಬನ್ ಓರೆಗಾನೊ ಎಂದೂ ಮೆಕ್ಸಿಕನ್ ಮಿಂಟ್ ಎಂದೂ ಕರೆಯುವ ರೂಢಿಯಿದೆ. ಈ ಎರಡು ಹೆಸರುಗಳ ಅರ್ಧರ್ಧವನ್ನು ಸೇರಿಸಿದರೆ ನಿಮ್ಮ ನರ್ಸರಿಯವರು ಹೇಳಿದ ಹೆಸರು ಹುಟ್ಟುತ್ತದೆ. ಮೋಸಕ್ಕಿಂತ ಗೊಂದಲವೇ ಕಾರಣವಿರಬೇಕು. ಲಿಪ್ಪಿಯಾದ ಕಾಂಡ ಕಟ್ಟಿಗೆಯಂತೆ ಗಡಸು, ಎಲೆ ದೊಡ್ಡಪತ್ರೆಯದಕ್ಕಿಂತ ತೆಳು ಮತ್ತು ಒರಟು, ಹಿಸುಕಿದರೆ ನೀರು ಬರುವುದಿಲ್ಲ. ದೊಡ್ಡಪತ್ರೆಗೆ ಕೊಟ್ಟ ಹಣ ಹೋಯಿತೆಂದು ಬೇಸರಪಡಬೇಡಿ. ಕಾರ್ವಕ್ರೋಲ್ ಇದರಲ್ಲಿಯೂ ಧಾರಾಳವಾಗಿದೆ, ತಂಬುಳಿಗಂತೂ ಆಗುತ್ತದೆ. ಇನ್ನೊಂದು ಉಪಯೋಗವನ್ನು ಕೊನೆಯ ಪ್ರಶ್ನೆಯಲ್ಲಿ ಹೇಳಿದ್ದೇನೆ.

ಪ್ರಶ್ನೆ: ನಾವು ಚಿಕ್ಕದೊಂದು ಹೋಂಸ್ಟೇ ನಡೆಸುತ್ತೇವೆ. ಮೆಕ್ಸಿಕೋದಿಂದ ಬಂದಿದ್ದ ಅತಿಥಿಗಳು ಹೊರಡುವಾಗ ತಮ್ಮ ಊರಿನ ಓರೆಗಾನೊ ಕೊಟ್ಟು ಹೋದರು. ಹಂದಿಮಾಂಸಕ್ಕೆ ಚೆನ್ನಾಗಿ ಹೊಂದುತ್ತದೆಂದು ಅವರು ಹೇಳಿದ್ದರಿಂದ ಪಂದಿ ಕರಿಗೆ ಎರಡು ದೊಡ್ಡ ಚಮಚ ಹಾಕಿ, ಈರುಳ್ಳಿಯ ಜೊತೆ ಎಣ್ಣೆಯಲ್ಲಿ ಹುರಿದೆ. ಕರಿ ಕಹಿಯಾಗಿ, ಔಷಧದಂತೆ ವಾಸನೆ ಬಂದು, ಮನೆಯವರು ಯಾರೂ ತಿನ್ನಲಿಲ್ಲ. ತಪ್ಪಿದ್ದು ಎಲ್ಲಿ?
— ಓದುಗರು, ವಿರಾಜಪೇಟೆ

ಉತ್ತರ: ಮೂರು ಕಡೆ ತಪ್ಪಿದೆ ಅಮ್ಮಾ, ಅದರಲ್ಲಿ ಎರಡನ್ನು ಮಾತ್ರ ತಿದ್ದಬಹುದು.

ಮೊದಲನೆಯದು ಅಳತೆ. ಒಂದು ಕಿಲೋ ಮಾಂಸಕ್ಕೆ ಈ ಒಣ ಎಲೆ ಎರಡು ಟೀ ಚಮಚಕ್ಕಿಂತ ಹೆಚ್ಚಾಗಬಾರದು. ನೀವು ಹಾಕಿದ್ದು ಅದರ ಮೂರು ಪಟ್ಟು. ಎರಡನೆಯದು ಎಣ್ಣೆ. ಒಣಗಿದ ಎಲೆ ಕಾದ ಎಣ್ಣೆಯಲ್ಲಿ ಕೆಲವೇ ಕ್ಷಣಗಳಲ್ಲಿ ಕರಿಕಾಗುತ್ತದೆ, ಕರಿಕಾದ ಎಲೆ ಕಹಿಯಾಗುತ್ತದೆ, ಆ ಕಹಿ ಎಣ್ಣೆಗೆ ಇಳಿದ ಮೇಲೆ ಯಾವ ಹುಳಿಯೂ ಬೆಲ್ಲವೂ ಅದನ್ನು ಹೊರಗೆಳೆಯಲಾರವು. ಒಗ್ಗರಣೆಯ ಕರಿಬೇವಿನಂತೆ ಇದನ್ನು ನಡೆಸಿಕೊಳ್ಳಬಾರದು. ನಾನು ಮೊದಲ ಸಲ ತರಿಸಿದಾಗ ಇದೇ ತಪ್ಪನ್ನು ಕೋಳಿ ಸಾರಿನಲ್ಲಿ ಮಾಡಿ, ಆ ಪಾತ್ರೆಯನ್ನು ಗುಟ್ಟಾಗಿ ಖಾಲಿ ಮಾಡಿದ್ದೇನೆ.

ತಿದ್ದಲಾಗದ ಮೂರನೆಯ ತಪ್ಪೆಂದರೆ ಪಂದಿ ಕರಿಯನ್ನೇ ಆರಿಸಿಕೊಂಡದ್ದು. ಕಾಳುಮೆಣಸು, ಜೀರಿಗೆ, ಕೊತ್ತಂಬರಿ, ಸಾಸಿವೆ, ಮೆಂತ್ಯಗಳನ್ನು ಕಪ್ಪಾಗುವ ತನಕ ಹುರಿದು ಮಾಡಿದ ಪುಡಿ, ಅದರ ಮೇಲೆ ಕಾಚಂಪುಳಿ ಎಂಬ ಕೊಡಗಿನ ಕಪ್ಪು ವಿನೆಗರಿನ ಗಾಢ ಹುಳಿ: ಆ ಪಾತ್ರೆಯಲ್ಲಿ ಇನ್ನೊಂದು ದನಿಗೆ ಜಾಗವೇ ಇಲ್ಲ. ಕೈಲ್‌ಮುಹೂರ್ತ ಹಬ್ಬದ ಪಂದಿ ಕರಿ ಹೇಗಿದೆಯೋ ಹಾಗೆಯೇ ಇರಲಿ.

ಅತಿಥಿಗಳು ಹೇಳಿದ್ದು ಮಾತ್ರ ಸುಳ್ಳಲ್ಲ. ಮೆಕ್ಸಿಕೋದ ಅಡುಗೆಯಲ್ಲಿ ಈ ಎಲೆಯನ್ನು ಎರಡು ಬಗೆಯಲ್ಲಿ ಬಳಸುತ್ತಾರೆ. ಒಂದು, ಬೇಯುವ ಮಾಂಸಕ್ಕೆ ಹಚ್ಚುವ ಮಸಾಲೆಯಲ್ಲಿ ಅರೆದು. ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ವಿನೆಗರ್ ಮತ್ತು ಈ ಎಲೆಯನ್ನು ಸೇರಿಸಿ ಅರೆದ ಅಂಥ ಮಸಾಲೆಗೆ ಅಲ್ಲಿ ಆದೋಬೊ ಎನ್ನುತ್ತಾರೆ. ಹಲೀಸ್ಕೊ ಪ್ರಾಂತದ ಆಡಿನ ಮಾಂಸದ ಬಿರಿಯಾದಲ್ಲೂ ಇದು ಬೀಳುತ್ತದೆ, ಆ ಬಿರಿಯಾಕ್ಕೂ ನಮ್ಮ ಬಿರಿಯಾನಿಗೂ ನಂಟಿಲ್ಲ. ಇನ್ನೊಂದು ಬಗೆ, ಊಟಕ್ಕೆ ಕುಳಿತ ಮೇಲೆ ಬಟ್ಟಲಿಗೆ ಉದುರಿಸುವುದು. ಸುಣ್ಣದ ನೀರಿನಲ್ಲಿ ಬೇಯಿಸಿ ಸಿಪ್ಪೆ ತೆಗೆದ ಮೆಕ್ಕೆಜೋಳವನ್ನು ಹಂದಿಮಾಂಸದ ಜೊತೆ ಕುದಿಸಿದ ಪೊಸೋಲೆಯನ್ನೋ, ಬೋಟಿಯ ಸಾರಾದ ಮೆನುದೊವನ್ನೋ ಬಡಿಸುವಾಗ ಒಣ ಎಲೆಯ ತಟ್ಟೆಯೊಂದನ್ನು ಪಕ್ಕದಲ್ಲಿಡುತ್ತಾರೆ. ಉಣ್ಣುವವರು ಬೇಕಾದಷ್ಟನ್ನು ಅಂಗೈಯಲ್ಲಿ ತಿಕ್ಕಿ ಬಿಸಿಸಾರಿನ ಮೇಲೆ ಉದುರಿಸಿಕೊಳ್ಳುತ್ತಾರೆ. ಈ ಎರಡನೆಯ ಬಗೆಯನ್ನು ನಾನು ಹೆಚ್ಚು ಮೆಚ್ಚುತ್ತೇನೆ, ಏಕೆಂದರೆ ಇಷ್ಟವಿಲ್ಲದವರ ಬಟ್ಟಲು ಕೆಡುವುದಿಲ್ಲ.

ನಿಮ್ಮ ಪೊಟ್ಟಣದಲ್ಲಿ ಉಳಿದಿರುವುದನ್ನು ಹೀಗೆ ಬಳಸಿ ನೋಡಿ. ಕೊಬ್ಬು ಸಹಿತವಾದ ಒಂದು ಕಿಲೋ ಹಂದಿಮಾಂಸವನ್ನು ಒಂದೂವರೆ ಅಂಗುಲದ ತುಂಡುಗಳಾಗಿ ಮಾಡಿಸಿಕೊಳ್ಳಿ. ಹನ್ನೆರಡು ಬ್ಯಾಡಗಿ ಮೆಣಸಿನಕಾಯಿಗಳ ಬೀಜ ಕೊಡವಿ, ಬಿಸಿನೀರಿನಲ್ಲಿ ಇಪ್ಪತ್ತು ನಿಮಿಷ ನೆನೆಯಿಡಿ. ಖಾರಕ್ಕಿಂತ ಬಣ್ಣ ಹೆಚ್ಚಿರುವ ಬ್ಯಾಡಗಿಯು ಅಲ್ಲಿನ ಗ್ವಾಹಿಯೊ ಮೆಣಸಿನಕಾಯಿಯ ಜಾಗವನ್ನು ಚೆನ್ನಾಗಿಯೇ ತುಂಬುತ್ತದೆ. ಖಾರ ಬೇಕೆನ್ನುವವರು ಎರಡು ಪರಂಗಿ ಮೆಣಸನ್ನೂ (ಸೂಜಿಮೆಣಸು) ಸೇರಿಸಬಹುದು. ಎಲೆಯನ್ನು ಒಣ ಕಾವಲಿಯಲ್ಲಿ ಸಣ್ಣ ಉರಿಯ ಮೇಲೆ ಅರ್ಧ ನಿಮಿಷಕ್ಕಿಂತ ಕಡಿಮೆ ಬೆಚ್ಚಗೆ ಮಾಡಿ, ವಾಸನೆ ಎದ್ದ ಕೂಡಲೇ ಇಳಿಸಿ. ಮೆಣಸಿನಕಾಯಿ, ಎಂಟು ಎಸಳು ಬೆಳ್ಳುಳ್ಳಿ, ಒಂದು ಟೀ ಚಮಚ ಜೀರಿಗೆ, ಹತ್ತು ಕಾಳುಮೆಣಸು, ಒಂದು ಟೀ ಚಮಚ ಓರೆಗಾನೊ, ಉಪ್ಪು ಮತ್ತು ಎರಡು ದೊಡ್ಡ ಚಮಚ ವಿನೆಗರನ್ನು ಸೇರಿಸಿ ನುಣ್ಣಗೆ ಅರೆಯಿರಿ. ವಿನೆಗರ್ ಬದಲು ಎರಡು ಟೀ ಚಮಚ ಕಾಚಂಪುಳಿ ಹಾಕಿದರೆ ಬಣ್ಣ ಕಪ್ಪಾಗುತ್ತದೆಯಾದರೂ ರುಚಿ ಕೆಡುವುದಿಲ್ಲ. ಅದಕ್ಕಿಂತ ಹೆಚ್ಚು ಹಾಕಿದರೆ ಮತ್ತೆ ಪಂದಿ ಕರಿಯ ದಾರಿಗೇ ಹೋಗುತ್ತದೆ.

ಮಸಾಲೆಯನ್ನು ಮಾಂಸಕ್ಕೆ ಹಚ್ಚಿ ಎರಡು ಗಂಟೆ ಬಿಡಿ. ಬಳಿಕ ದಪ್ಪ ತಳದ ಪಾತ್ರೆಯಲ್ಲಿ ಒಂದು ಲೋಟ ನೀರು ಹಾಕಿ, ಮುಚ್ಚಿ, ಸಣ್ಣ ಉರಿಯಲ್ಲಿ ಒಂದು ಗಂಟೆಗೂ ಮಿಕ್ಕಿ ಬೇಯಿಸಿ. ಮಾಂಸ ಮೆತ್ತಗಾಗಿ, ಮಸಾಲೆ ಕೊಬ್ಬನ್ನು ಬಿಟ್ಟು ನಿಂತಾಗ ಇನ್ನೊಂದು ಟೀ ಚಮಚ ಎಲೆಯನ್ನು ಅಂಗೈಯಲ್ಲಿ ತಿಕ್ಕಿ ಉದುರಿಸಿ, ಹತ್ತು ನಿಮಿಷದ ನಂತರ ಇಳಿಸಿ. ಮೊದಲು ಬಿದ್ದ ಎಲೆ ಮಾಂಸದ ಒಳಗೆ ಹೋಗಿರುತ್ತದೆ, ಕೊನೆಗೆ ಬಿದ್ದದ್ದು ಮೂಗಿಗೆ ಸಿಗುತ್ತದೆ. ಕಿತ್ತಳೆಯ ಕಾಲವಾದರೆ ಅರ್ಧ ಕೊಡಗಿನ ಕಿತ್ತಳೆಯ ರಸವನ್ನು ಹಿಂಡಿ. ಮೆಕ್ಸಿಕೋದವರೂ ಹಂದಿಮಾಂಸಕ್ಕೆ ಕಿತ್ತಳೆ ಹಿಂಡುವವರೇ. ಕಡಂಬುಟ್ಟು ಎಂಬ ಅಕ್ಕಿತರಿಯ ಕಡುಬಿಗಿಂತ ಅಕ್ಕಿ ಒಟ್ಟಿ ಎಂಬ ರೊಟ್ಟಿಯೊಡನೆ ಇದು ಹೆಚ್ಚು ಸೊಗಸು.

ಮಾಂಸ ತಿನ್ನದ ಅತಿಥಿಗಳಿಗೆ ರಾಜ್ಮಾ ಇದ್ದೇ ಇದೆ. ರಾತ್ರಿ ನೆನೆದ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಚೆನ್ನಾಗಿ ಬೇಯಿಸಿ. ಅರೆಬೆಂದ ರಾಜ್ಮಾ ಹೊಟ್ಟೆ ಕೆಡಿಸುವ ಕಾಳು, ಹತ್ತು ನಿಮಿಷವಾದರೂ ಕೊತಕೊತ ಕುದಿಯಲೇಬೇಕು. ಕುಕ್ಕರಿನ ಮುಚ್ಚಳ ತೆಗೆದ ಮೇಲೆ ಲೋಟ ಕಾಳಿಗೆ ಒಂದು ಟೀ ಚಮಚದಂತೆ ಎಲೆ ಉದುರಿಸಿ, ಹತ್ತು ನಿಮಿಷ ಸಣ್ಣಗೆ ಕುದಿಸಿದರೆ ಆಯಿತು. ಮಳೆಗಾಲದ ಕಾಡಣಬೆಗೆ ಮಾತ್ರ ಇದನ್ನು ಸೋಕಿಸಬೇಡಿ. ವರ್ಷಕ್ಕೊಮ್ಮೆ ಸಿಗುವ ಅಣಬೆಯ ವಾಸನೆಯನ್ನು ಈ ಎಲೆ ನುಂಗಿ ನೀರು ಕುಡಿಯುತ್ತದೆ.

ಪ್ರಶ್ನೆ: ಮೆಕ್ಸಿಕನ್ ಓರೆಗಾನೊ ನಮ್ಮ ತೋಟದಂಚಿನ ಲಾಂಟಾನದ ಸಂಬಂಧಿಯೆಂದು ಕೃಷಿ ಓದುತ್ತಿರುವ ಮಗ ಹೇಳುತ್ತಾನೆ. ಹಾಗಿದ್ದರೆ ಲಾಂಟಾನದ ಎಲೆಯನ್ನೇ ಒಣಗಿಸಿ ಬಳಸಬಹುದಲ್ಲವೇ?
— ಕಾಫಿ ಬೆಳೆಗಾರರು, ಸಿದ್ದಾಪುರ

ಉತ್ತರ: ಖಂಡಿತ ಬಳಸಬಾರದು. ಸಂಬಂಧ ನಿಜ, ಇಬ್ಬರ ತವರೂ ಅಮೆರಿಕ ಖಂಡವೇ. ಆದರೆ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಲಂಕಾರಕ್ಕೆಂದು ನಮ್ಮ ದೇಶಕ್ಕೆ ತಂದ ಲಾಂಟಾನದ ಎಲೆಯಲ್ಲಿ ಯಕೃತ್ತನ್ನು ಕೆಡಿಸುವ ವಿಷವಿದೆ. ಅದನ್ನು ಮೇಯ್ದ ದನಗಳಿಗೆ ಕಾಮಾಲೆ ಬಂದು, ಬಿಸಿಲಿಗೆ ಚರ್ಮ ಸುಲಿದು, ಕೆಲವೊಮ್ಮೆ ಸಾಯುತ್ತವೆ. ಬದನೆಯೂ ಉಮ್ಮತ್ತಿಯೂ ಒಂದೇ ಕುಟುಂಬದ ಗಿಡಗಳು. ಹಾಗೆಂದು ಉಮ್ಮತ್ತಿಯ ಪಲ್ಯವನ್ನು ಯಾರೂ ಮಾಡುವುದಿಲ್ಲ.

ಪ್ರಶ್ನೆ: ಇದನ್ನು ಪಿಜ್ಜಾಕ್ಕೆ ಹಾಕಬಹುದೇ?
— ವಿದ್ಯಾರ್ಥಿನಿ, ಮಡಿಕೇರಿ

ಉತ್ತರ: ಹಾಕಿದರೆ ತಪ್ಪೇನಿಲ್ಲ, ಆದರೆ ನಿಮ್ಮ ನಾಲಿಗೆ ನಿರೀಕ್ಷಿಸುವ ಪಿಜ್ಜಾದ ರುಚಿ ಬರುವುದಿಲ್ಲ. ಅದಕ್ಕೆ ಅಗ್ಗದ ಮೆಡಿಟರೇನಿಯನ್ ಎಲೆಯೇ ಸರಿ.

ಪ್ರಶ್ನೆ: ಜೂನ್ ತಿಂಗಳಲ್ಲಿ ತೆರೆದ ಪೊಟ್ಟಣ ಆಗಸ್ಟಿನ ಹೊತ್ತಿಗೆ ಮೆತ್ತಗಾಗಿ ಮುಗ್ಗಲು ವಾಸನೆ ಬಂತು. ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ಉಳಿದೀತೇ?
— ಓದುಗರು, ಭಾಗಮಂಡಲ

ಉತ್ತರ: ಭಾಗಮಂಡಲದ ಕಕ್ಕಡ ಮಾಸದ ಮಳೆಯಲ್ಲಿ ಉಪ್ಪೇ ನೀರಾಗುವಾಗ ಒಣ ಎಲೆಯ ಪಾಡೇನು? ಮುಗ್ಗಲು ಹಿಡಿದದ್ದನ್ನು ಬಿಸಿಲಿಗೆ ಹಾಕಿ ಉಳಿಸಿಕೊಳ್ಳಲು ಹೋಗದೆ ಎಸೆದುಬಿಡಿ. ಒಲೆಯ ಮೇಲಿನ ಅಟ್ಟ ತೇವವನ್ನು ದೂರವಿಡುತ್ತದೆಂಬುದು ನಿಜ, ಆದರೆ ಅಲ್ಲಿನ ಶಾಖ ಎಲೆಯ ಸುಗಂಧದ ಎಣ್ಣೆಯನ್ನೂ ಆರಿಸುತ್ತದೆ, ಹೊಗೆಯ ವಾಸನೆಯನ್ನೂ ಅಂಟಿಸುತ್ತದೆ. ಒಣಮಾಂಸಕ್ಕೆ ಒಳ್ಳೆಯದಾದ ಜಾಗ ಎಲೆಗೆ ಒಳ್ಳೆಯದಲ್ಲ.

ಮಳೆಗಾಲಕ್ಕೆ ಮೊದಲೇ ಪೊಟ್ಟಣವನ್ನು ಎರಡು ಭಾಗ ಮಾಡಿ. ತಿಂಗಳಿಗೆ ಬೇಕಾದಷ್ಟನ್ನು ಮಾತ್ರ ಬಿಗಿ ಮುಚ್ಚಳದ ಸಣ್ಣ ಗಾಜಿನ ಶೀಷೆಯಲ್ಲಿ, ಬಟ್ಟೆಯಲ್ಲಿ ಕಟ್ಟಿದ ಒಂದು ಹಿಡಿ ಹುರಿದು ಆರಿಸಿದ ಅಕ್ಕಿಯ ಜೊತೆ, ಬೆಳಕು ಬೀಳದ ಬೀರುವಿನಲ್ಲಿಡಿ. ಉಳಿದದ್ದನ್ನು ಇನ್ನೊಂದು ಶೀಷೆಯಲ್ಲಿ ಭದ್ರಪಡಿಸಿ ಫ್ರೀಜರಿಗೆ ಹಾಕಿ. ಹೊರತೆಗೆದ ಕೂಡಲೇ ಮುಚ್ಚಳ ತೆಗೆದರೆ ತಣ್ಣನೆಯ ಎಲೆಯ ಮೇಲೆ ಗಾಳಿಯ ನೀರೆಲ್ಲ ಕೂರುತ್ತದೆ. ಶೀಷೆ ಕೋಣೆಯ ಹದಕ್ಕೆ ಬರುವವರೆಗೆ ಕಾಯಬೇಕು. ಕುದಿಯುವ ಪಾತ್ರೆಯ ಮೇಲೆ ಶೀಷೆಯನ್ನೇ ಬಗ್ಗಿಸಿ ಉದುರಿಸುವ ಅಭ್ಯಾಸ ನಮ್ಮಲ್ಲಿ ಅನೇಕರಿಗಿದೆ. ಎಲೆ ಮೆತ್ತಗಾಗುವುದು ಹೆಚ್ಚಾಗಿ ಆ ಹಬೆಯಿಂದಲೇ, ಆದ್ದರಿಂದ ಅಂಗೈಗೆ ಹಾಕಿಕೊಂಡು ಉದುರಿಸಿ.

ಪ್ರಶ್ನೆ: ಬೀಜ ತರಿಸಿ ಮನೆಯಲ್ಲೇ ಬೆಳೆಯುವ ಆಸೆಯಿದೆ. ಬೆಣ್ಣೆಹಣ್ಣು, ವೆನಿಲ್ಲಾ ಮುಂತಾದ ಮೆಕ್ಸಿಕೋದ ಗಿಡಗಳು ಇಲ್ಲಿ ಬೆಳೆಯುವಾಗ ಇದೇಕೆ ಬೆಳೆಯಬಾರದು?
— ಓದುಗರು, ಕುಶಾಲನಗರ

ಉತ್ತರ: ನೀವು ಹೇಳಿದ ಗಿಡಗಳು ತೇವವನ್ನು ಒಪ್ಪುವಂಥವು. ಲಿಪ್ಪಿಯಾ ಅದರ ವಿರುದ್ಧ ಸ್ವಭಾವದ್ದು. ಕಲ್ಲುಮಣ್ಣಿನ ಇಳಿಜಾರಿನಲ್ಲಿ, ಉರಿಬಿಸಿಲಿನಲ್ಲಿ, ವರ್ಷದ ಬಹುಭಾಗ ಮಳೆಯಿಲ್ಲದೆ ಬದುಕುವ ಪೊದೆ. ಆ ಬವಣೆಯಿಂದಲೇ ಅದರ ಎಲೆಗೆ ಎಣ್ಣೆ ಬರುತ್ತದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಮಡಿಕೇರಿಯ ನೆಲದಲ್ಲಿ ನೆಟ್ಟರೆ ಬೇರು ಕೊಳೆಯುವುದು ನಿಶ್ಚಿತ. ಕುಶಾಲನಗರ ಮಳೆ ಕಡಿಮೆಯ ಕಡೆಯಾದ್ದರಿಂದ ನಿಮಗೆ ಅವಕಾಶವಿದೆ, ಅದೂ ನೆಲದಲ್ಲಲ್ಲ, ಕುಂಡದಲ್ಲಿ. ಅರ್ಧಕ್ಕರ್ಧ ಮರಳು ಬೆರೆಸಿ, ತಳದ ತೂತು ದೊಡ್ಡದಿರಿಸಿ, ಜೂನಿನಿಂದ ಸೆಪ್ಟೆಂಬರಿನವರೆಗೆ ಬೆಳಕು ಬರುವ ಸೂರಿನಡಿ ಇಡಬೇಕು. ಗೊಬ್ಬರ ಹೆಚ್ಚಾದರೆ ಎಲೆ ಸೊಂಪಾಗಿ ವಾಸನೆ ಸಪ್ಪೆಯಾಗುತ್ತದೆ.

ಬೀಜವನ್ನಾಗಲಿ ಕಡ್ಡಿಯನ್ನಾಗಲಿ ವಿದೇಶದಿಂದ ಸುಮ್ಮನೆ ತರಿಸುವಂತಿಲ್ಲ. 2003ರ ಸಸ್ಯ ಸಂಪರ್ಕತಡೆ ಆದೇಶದ ಪ್ರಕಾರ ಆಮದು ಪರವಾನಗಿ ಮತ್ತು ಹೊರಟ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಲಾಂಟಾನ ಹಬ್ಬಿದ ಕಾಡುಗಳನ್ನು ದಿನವೂ ನೋಡುವ ನಮಗೆ ಈ ನಿಯಮ ಅತಿಯೆನಿಸಬಾರದು. ಇಲ್ಲಿಯೇ ಸಸಿ ಮಾಡಿದ ಗಿಡ ಯಾವುದಾದರೂ ನರ್ಸರಿಯಲ್ಲಿ ಸಿಕ್ಕರೆ ಕೊಳ್ಳಿ, ಆದರೆ ಸೋಮವಾರಪೇಟೆಯ ಓದುಗರ ಅನುಭವವನ್ನು ನೆನಪಿಟ್ಟು, ಎಲೆಯನ್ನು ಮುಟ್ಟಿ ನೋಡಿ.

ಪ್ರಶ್ನೆ: ಇಷ್ಟೆಲ್ಲ ಹುಡುಕಾಟ ನಮ್ಮಿಂದಾಗದು. ಮನೆಯಲ್ಲಿ ಇರುವುದರಲ್ಲೇ ಏನನ್ನು ಬಳಸಬಹುದು?
— ಓದುಗರು, ನಾಪೋಕ್ಲು

ಉತ್ತರ: ಒಂದು ಟೀ ಚಮಚ ಮೆಕ್ಸಿಕನ್ ಎಲೆಯ ಬದಲು ಮುಕ್ಕಾಲು ಚಮಚ ಮೆಡಿಟರೇನಿಯನ್ ಎಲೆ, ಕುಟ್ಟಿದ ನಾಲ್ಕೈದು ಕೊತ್ತಂಬರಿ ಕಾಳು, ಉಗುರಿನಷ್ಟು ನಿಂಬೆಯ ಹಸುರು ಸಿಪ್ಪೆ. ನನ್ನ ಅನುಭವದಲ್ಲಿ ಇದು ಎಲ್ಲಕ್ಕಿಂತ ಹತ್ತಿರ ಬರುತ್ತದೆ. ಅದೂ ಇಲ್ಲವಾದರೆ ಅರ್ಧ ಕಿಲೋ ಮಾಂಸಕ್ಕೆ ಅಥವಾ ಒಂದು ಲೋಟ ಕಾಳಿಗೆ ದೊಡ್ಡಪತ್ರೆಯ ಒಂದೇ ಒಂದು ದೊಡ್ಡ ಎಲೆಯನ್ನು ಸಣ್ಣಗೆ ಹೆಚ್ಚಿ, ಇಳಿಸುವ ಐದು ನಿಮಿಷ ಮೊದಲು ಹಾಕಿ. ಎರಡಾದರೆ ಕೆಮ್ಮಿನ ಕಷಾಯ ನೆನಪಾಗುತ್ತದೆ. ಓಮವನ್ನು ಕಾಳಿನ ಸಾರಿಗೆ ಮಾತ್ರ, ಎರಡು ಬೆರಳಿನ ಚಿಟಿಕೆಯಷ್ಟು.

ಇನ್ನೊಂದನ್ನು ಹೆಚ್ಚಿನವರು ಗಮನಿಸಿಲ್ಲ. ಹೂಮಾಲೆಯಲ್ಲಿ ಮಲ್ಲಿಗೆ, ಕನಕಾಂಬರದ ನಡುವೆ ಕಟ್ಟುವ ಮರುಗವು ಮೆಡಿಟರೇನಿಯನ್ ಓರೆಗಾನೊದ ಒಡಹುಟ್ಟು; ಎರಡೂ ಒರಿಗ್ಯಾನಮ್ ಕುಲದವೇ. ಅದರ ಪರಿಮಳ ಮೃದು, ಸ್ವಲ್ಪ ಸಿಹಿ, ಟೊಮೆಟೊ ಗೊಜ್ಜಿಗೂ ಕೋಳಿಗೂ ಹೊಂದುತ್ತದೆ. ಶುಕ್ರವಾರದ ಸಂತೆಯಲ್ಲಿ ಹೂವಿನವರ ಬಳಿ ಸಿಗುವ ಮರುಗವನ್ನು ಅಡುಗೆಗೆ ಹಾಕಬೇಡಿ, ಮುಡಿಯಲೆಂದು ಬೆಳೆದದ್ದಕ್ಕೆ ಏನೇನು ಔಷಧ ಸಿಂಪಡಿಸಿರುತ್ತಾರೋ. ಬೇರಿರುವ ಒಂದು ಕಡ್ಡಿಯನ್ನು ಕೇಳಿ ತಂದು ಕುಂಡದಲ್ಲಿ ನೆಟ್ಟು, ಹಳೆಯ ಎಲೆಯೆಲ್ಲ ಉದುರಿ ಹೊಸದಾಗಿ ಚಿಗುರಿದ ಮೇಲೆ ಕೊಯ್ಯಿರಿ.